ಬುಧವಾರ ಹೊರಟ ಚೀಲ

“ಪಾಸ್‌ಪೋರ್ಟು ಬ್ಯಾಡ ಕಣ್ರೀ. ಒಂದು ಟವೆಲ್ಲು, ಒಂದು ಹಿಡಿ ಅಕ್ಕಿ ಇಟ್ರೆ ಸಾಕು,” ಎಂದರು ಪ್ರೇಮಲೀಲಾ. ಅವರ ಪತಿ ಪ್ರಭುಸ್ವಾಮಿಯವರು ಆಗಲೇ ಇಬ್ಬರ ಪಾಸ್‌ಪೋರ್ಟಿಗೂ ಅರಿಸಿನದ ದಾರ ಸುತ್ತಿ, ಹೊಸ ಕ್ಯಾನ್ವಾಸ್ ಚೀಲದ ತಳಕ್ಕೆ ಇಳಿಸಿಯಾಗಿತ್ತು.

“ಟವೆಲ್ಲು ಬಾಲಿಗೆ ಹೋಗ್ತದಾ? ಯಾವುದಿಲ್ಲದೆ ಪ್ರಯಾಣ ಆಗೋದಿಲ್ವೋ ಅದೇ ಮೊದಲು ಹೊರಡಬೇಕು. ಹಳಬರ ಕಾಲದಲ್ಲಿ ಪಾಸ್‌ಪೋರ್ಟ್ ಇರಲಿಲ್ಲ, ಅಕ್ಕಿ ಇಟ್ರು. ಇದ್ದಿದ್ರೆ ಅವರೂ ಅದನ್ನೇ ಇಡ್ತಿದ್ರು.”

ಮಗಳು ನಿಶ್ಚಿತಾ ಬಾಲಿ ದ್ವೀಪಕ್ಕೆ ಟಿಕೆಟ್ ಮಾಡಿಸಿದ್ದು ಮಂಗಳವಾರಕ್ಕೆ. ರಾತ್ರಿ ಬೆಂಗಳೂರಿನಿಂದ ವಿಮಾನ. ಮೈಸೂರಿನ ಮನೆ ಬಿಡಬೇಕಾದ ಹೊತ್ತು ಸರಿಯಾಗಿ ರಾಹುಕಾಲ. ಮಂಡಿ ಮೊಹಲ್ಲಾದ ತಮ್ಮ ಗೋಣಿಚೀಲದ ಅಂಗಡಿಯ ಬಾಗಿಲನ್ನೂ ಗಳಿಗೆ ನೋಡಿಯೇ ತೆಗೆಯುವ ಪ್ರಭುಸ್ವಾಮಿಯವರಿಗೆ ಇದು ನುಂಗಲಾರದ ತುತ್ತಾಯಿತು. ಈ ಹಿಂದೆ ಗೋಕರ್ಣ, ರಾಮೇಶ್ವರ, ಕನ್ಯಾಕುಮಾರಿ ಎಲ್ಲವೂ ಒಂದಲ್ಲ ಒಂದು ಅಮಾವಾಸ್ಯೆಗೋ ವಾರಶೂಲೆಗೋ ಬಲಿಯಾಗಿದ್ದವು. ಮದುವೆಯಾದಂದಿನಿಂದ ಸಮುದ್ರ ನೋಡಬೇಕೆಂದು ಕಾದು ಕೂತಿದ್ದ ಪ್ರೇಮಲೀಲಾ ಈ ಸಲ ಮಾತ್ರ, “ಟಿಕೆಟ್ ರದ್ದು ಮಾಡಿದ್ರೆ ನಾನು ತವರಿಗೆ ಹೋಗ್ತೀನಿ. ಅದಕ್ಕೆ ಯಾವ ವಾರ ಆದ್ರೂ ಆಯ್ತದೆ,” ಎಂದುಬಿಟ್ಟಿದ್ದರು.

ಹಾಗಾಗಿ ಪ್ರಭುಸ್ವಾಮಿಯವರು ಪ್ರಸ್ಥಾನದ ಮೊರೆ ಹೊಕ್ಕರು. ಹೊರಡುವ ದಿನ ಸರಿಯಿಲ್ಲವೆಂದರೆ, ಅದಕ್ಕೆ ಮುಂಚೆಯೇ ಒಂದು ಒಳ್ಳೆಯ ದಿನ ನೋಡಿ, ಹೋಗುವ ದಿಕ್ಕಿನಲ್ಲಿರುವ ಯಾರದಾದರೂ ಮನೆಯಲ್ಲಿ ಗಂಟು ಇಟ್ಟು ಬರುವುದು. ಅಲ್ಲಿಗೆ ಪ್ರಯಾಣ ಶುರುವಾಯಿತೆಂದು ಲೆಕ್ಕ. ಬಾಲಿ ಇರುವುದು ಆಗ್ನೇಯಕ್ಕೆ. ಮೊಬೈಲಿನಲ್ಲಿ ದಿಕ್ಸೂಚಿ ತೆರೆದು ಬೀದಿಯಲ್ಲಿ ಎಷ್ಟು ಸುತ್ತು ತಿರುಗಿದರೂ ಆಗ್ನೇಯಕ್ಕೆ ಬಿದ್ದದ್ದು ಅದೇ ಬೀದಿಯ ಸುಮಿತ್ರಮ್ಮನವರ ಮನೆಯೇ. ತಮ್ಮ ಗೇಟಿನ ಮುಂದೆ ಕಾರು ನಿಲ್ಲಿಸುತ್ತಾರೆಂದು ಆ ಮನೆಯವರೊಡನೆ ಇವರು ಮಾತು ಬಿಟ್ಟು ಬಹಳ ಕಾಲವಾಗಿತ್ತು.

ಶಾಸ್ತ್ರಕ್ಕಾಗಿ ಮುಖದ ಮೇಲೆ ನಗು ತಂದುಕೊಂಡು, ಬುಧವಾರ ಬೆಳಿಗ್ಗೆ ಅವರ ಬಾಗಿಲು ತಟ್ಟಿದರು. ಚೀಲದ ಹಿಡಿಗೆ ಪ್ರೇಮಲೀಲಾ ಅವರ ಹೊಸ ಹುಲ್ಲಿನ ಟೋಪಿ ಕಟ್ಟಿತ್ತು. ಕಡಲ ದಂಡೆಯಲ್ಲಿ ಹಾಕಿಕೊಳ್ಳಲೆಂದು ದೇವರಾಜ ಮೊಹಲ್ಲಾವನ್ನೆಲ್ಲ ಜಾಲಾಡಿ ತಂದದ್ದು. ಅದನ್ನು ಹಾಕಿಕೊಂಡೇ ಆಕೆ ಒಂದು ದಿನ ಒಗ್ಗರಣೆಯನ್ನೂ ಕೊಟ್ಟಿದ್ದರು. ‘ನಿಂದೂ ಒಂದು ವಸ್ತು ಹೊರಡಬೇಕು’ ಎಂದು ಪ್ರಭುಸ್ವಾಮಿಯವರು ಅದನ್ನೂ ಬಿಟ್ಟಿರಲಿಲ್ಲ.

“ಯಾವ ಕಡೆ ಹೊರಟ್ರಿ, ಯಾವಾಗ?” ಸುಮಿತ್ರಮ್ಮ ಕೇಳಿದರು.

“ಹಿಂಗೇ, ಮುಂದಿನ ತಿಂಗಳು ಎಲ್ಲೋ ಒಂದು ಕಡೆ,” ಎಂದರು ಪ್ರಭುಸ್ವಾಮಿ. ಇದ್ದದ್ದು ಹೇಳಿದರೆ ಕಣ್ಣು ಬೀಳುತ್ತದಲ್ಲ. ಪಾಸ್‌ಪೋರ್ಟಿನ ಸುದ್ದಿಯನ್ನಂತೂ ಎತ್ತಲೇ ಇಲ್ಲ. “ಆದ್ರೆ ಒಂದು ಮಾತು ಕಣಮ್ಮ. ಹೊರಟಿದ್ದು ಹೊರಟಂಗೇ ಇರಬೇಕು. ಏನೇ ಆದ್ರೂ ಈ ಚೀಲ ನಮ್ಮ ಹೊಸ್ತಿಲಿಗೆ ವಾಪಸ್ ಬರಕೂಡದು.”

“ಬರೋದಿಲ್ಲ ಬುಡಿ,” ಎಂದು ಸುಮಿತ್ರಮ್ಮ ಚೀಲಕ್ಕೆ ಕುಂಕುಮ ಇಟ್ಟು ಒಳಗೆ ತೆಗೆದುಕೊಂಡರು.

ಭಾನುವಾರದಿಂದ ಗೇಟಿನ ಮುಂದೆ ಆ ಮನೆಯ ಕಾರು ಕಾಣಲಿಲ್ಲ. ಕೊನೆಗೂ ಬುದ್ಧಿ ಬಂತು ಎಂದು ಪ್ರಭುಸ್ವಾಮಿಯವರು ಹಿಗ್ಗಿದರು. ಮಂಗಳವಾರ ಮಧ್ಯಾಹ್ನ ಟ್ಯಾಕ್ಸಿ ಬಂದು ನಿಂತಾಗ, ರಾಹುವಿಗೇ ಚಳ್ಳೆಹಣ್ಣು ತಿನ್ನಿಸಿದ ಗತ್ತಿನಲ್ಲಿ ಚೀಲ ತರಲು ಹೋದರು. ಸುಮಿತ್ರಮ್ಮನವರ ಮನೆಗೆ ಬೀಗ ಹಾಕಿತ್ತು.

ಫೋನು ಹೊಡೆದೂ ಹೊಡೆದೂ ಬೆರಳು ಸೋತ ಮೇಲೆ ಅತ್ತ ಕಡೆಯಿಂದ ಗಾಳಿಯ ಸದ್ದಿನ ಜೊತೆಗೆ ಸುಮಿತ್ರಮ್ಮನವರ ದನಿ ಕೇಳಿತು. “ಮಲ್ಪೆಗೆ ಬಂದಿದ್ದೀವಿ ಕಣ್ರೀ. ನಮ್ಮ ಮಗ ಅಶೋಕ ಕರ್ಕೊಂಡು ಬಂದ. ನಾಡಿದ್ದು ಬರ್ತೀವಿ.”

“ನಮ್ಮ ಚೀಲ?”

“ಅದನ್ನ ಬಿಟ್ಟು ಬರ್ತೀನಾ? ಬೀಗ ಹಾಕಿದ ಮನೇಲಿ ಇಟ್ರೆ ಹೊರಟಿದ್ದು ನಿಂತಂಗಾಯ್ತದೆ. ನಿಮಗೇ ಕೊಡೋಣ ಅಂದ್ರೆ, ವಾಪಸ್ ಬರಕೂಡದು ಅಂತ ನೀವೇ ಅಂದ್ರಿ. ಅದಕ್ಕೇ ಜೊತೇಲೇ ತಂದ್ಬುಟ್ಟೆ. ಬೆಳಿಗ್ಗೆ ದೋಣೀಲಿ ದ್ವೀಪಕ್ಕೂ ಕರ್ಕೊಂಡು ಹೋಗಿದ್ದೆ. ಫೋಟೊ ಕಳಿಸ್ತೀನಿ, ಇರಿ.”

ಫೋಟೊ ಬಂತು. ಸಾಲು ತೆಂಗಿನ ಮರ, ಆಚೆಗೆ ಕಣ್ಣು ಹಾಯುವಷ್ಟು ದೂರ ನೀಲಿ ನೀರು. ಮರಳಿನ ಮೇಲೆ ಕುಂಕುಮ ಇಟ್ಟುಕೊಂಡ ಚೀಲ ನೆಟ್ಟಗೆ ಕೂತಿತ್ತು. ಬಿಸಿಲು ತಾಗದಿರಲೆಂದು ಅದರ ತಲೆಗೆ ಹುಲ್ಲಿನ ಟೋಪಿ ಹಾಕಿದ್ದರು.

ಪಾಸ್‌ಪೋರ್ಟು ಘಟ್ಟದ ಕೆಳಗೆ, ವಿಮಾನ ಬೆಂಗಳೂರಿನಲ್ಲಿ. ಇನ್ನು ಹಾರಿ ಹೋದರೂ ಆಗುವ ಮಾತಲ್ಲ. ಪ್ರೇಮಲೀಲಾ ಮೊಬೈಲನ್ನು ಕೈಗೆ ತೆಗೆದುಕೊಂಡು ಆ ಫೋಟೊವನ್ನು ಬಹಳ ಹೊತ್ತು ನೋಡಿದರು. ಬೈದಿದ್ದರೆ ಪ್ರಭುಸ್ವಾಮಿಯವರಿಗೆ ಸಮಾಧಾನವಾಗುತ್ತಿತ್ತು. ಆಕೆ ಎಲ್ಲಿ ಅತ್ತುಬಿಡುತ್ತಾರೋ ಎಂದು ಅವರಿಗೆ ನಿಜವಾಗಿಯೂ ಭಯವಾಯಿತು, ನಾಚಿಕೆಯೂ ಆಯಿತು.

ಪ್ರೇಮಲೀಲಾ ಅಳಲಿಲ್ಲ. ತಮ್ಮ ಸೂಟ್‌ಕೇಸನ್ನು ತಾವೇ ಎತ್ತಿ ಟ್ಯಾಕ್ಸಿಯೊಳಗೆ ತಳ್ಳಿ, ಪಕ್ಕದಲ್ಲಿ ಕೂತರು. “ಮಲ್ಪೆಗೆ ನಡಿಯಪ್ಪ,” ಎಂದರು ಡ್ರೈವರನಿಗೆ.

ಪ್ರಭುಸ್ವಾಮಿಯವರು ಗಡಿಯಾರ ನೋಡಿಕೊಂಡು ಓಡಿ ಬಂದರು. “ಏಯ್, ಈಗ ರಾಹುಕಾಲ ಕಣೇ. ಮಲ್ಪೆ ಇರೋದು ವಾಯವ್ಯಕ್ಕೆ. ಮಂಗಳವಾರ ಆ ಕಡೆಗೆ ಶೂಲೆ ಬೇರೆ.”

“ನನ್ನ ಟೋಪಿ ಬುಧವಾರವೇ ಹೊರಟಿದೆ. ನಾನು ಹೋಗಿ ಅದನ್ನ ಸೇರ್ಕೋತೀನಿ,” ಎಂದು ಪ್ರೇಮಲೀಲಾ ಬಾಗಿಲು ಎಳೆದುಕೊಂಡರು. “ನೀವು ಒಂದು ಒಳ್ಳೆ ದಿನ ನೋಡ್ಕೊಂಡು ಬನ್ನಿ.”