ಕರೆಂಟ್ ಬರುವ ಮುಂಚೆ

ಲ್ಯಾಪ್‌ಟಾಪಿನ ಪರದೆಯಲ್ಲಿ ಕನ್ವೇಯರ್ ಬೆಲ್ಟು, ಯಾರೂ ಗುಂಡಿ ಒತ್ತದೆ, ತಾನಾಗಿ ಓಡತೊಡಗಿದ್ದನ್ನು ಕಂಡು ಇಂಜಿನಿಯರ್ ಶ್ರೀಲಕ್ಷ್ಮಿ ಕುರ್ಚಿಯಿಂದ ಎದ್ದಳು. ಬೆಳಿಗ್ಗೆ ತಾನೇ ಕೂರಿಸಿದ ಬೆಲ್ಟಿನ ಕಂಟ್ರೋಲ್ ಬೋರ್ಡಿನ ಪಡಿಯಚ್ಚನ್ನು ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಲೈಬ್ರರಿಯಿಂದ ಲ್ಯಾಪ್‌ಟಾಪಿನಲ್ಲೇ ಕಟ್ಟಿ ಎಲ್ಲ ಪರೀಕ್ಷೆಯನ್ನೂ ಮಾಡಿದ್ದಳು. ಕರೆಂಟ್ ಹೋಗಿ ಬಂದರೆ ಏನಾಗುತ್ತದೆ ಎಂಬುದೊಂದನ್ನು ಬಿಟ್ಟು. ಅದನ್ನು ಈಗಷ್ಟೇ ಪರದೆಯಲ್ಲಿ ನೋಡಿದ್ದಳು: ಕರೆಂಟ್ ಮರಳಿದೊಡನೆ ಬೆಲ್ಟು ತಾನೇ ಹೊರಟುಬಿಡುತ್ತಿತ್ತು. ಸಂಡೂರಿನ ಆ ಅದಿರು ಘಟಕದಲ್ಲಿ ಈಗ ನಿಜಕ್ಕೂ ಕರೆಂಟ್ ಹೋಗಿತ್ತು.

ಕಿಟಕಿಯಾಚೆ, ಕರೆಂಟ್ ಹೋದಾಗಲೆಲ್ಲ ಮಾಡುವಂತೆ, ಫಿಟ್ಟರ್ ಹಾಲೇಶ್ ನಿಂತ ಬೆಲ್ಟಿನ ಮೇಲೆ ಕುಕ್ಕರಗಾಲಲ್ಲಿ ಕೂತು ಸಿಕ್ಕಿಕೊಂಡ ಕಲ್ಲು ಕೀಳುತ್ತಿದ್ದ. "ಕೆಳಗ ಇಳೀರಿ ಹಾಲೇಶ್" ಎಂದು ಕೂಗಿದಳು.

"ಕರೆಂಟೇ ಇಲ್ಲಲ್ರೀ ಮೇಡಂ" ಎಂದನೇ ಹೊರತು ಅವನು ತಲೆ ಎತ್ತಲಿಲ್ಲ.

ಅವಳು ಬೋರ್ಡು ಕೂರಿಸಿದ್ದ ಪ್ಯಾನೆಲ್ಲಿಗೆ ಓಡಿ, ಬೋರ್ಡಿನ ವೈರುಗಳನ್ನೆಲ್ಲ ಮುಷ್ಟಿಯಲ್ಲಿ ಹಿಡಿದು ಕಿತ್ತಳು. ಆಗಲೇ ಟ್ಯೂಬ್‌ಲೈಟು ಮಿಣುಕಿ ಹತ್ತಿಕೊಂಡಿತು. ಬೆಲ್ಟು ಕದಲಲಿಲ್ಲ. ಹಾಲೇಶ್ ಕೈಯ ಕೆಂಧೂಳು ಕೊಡವುತ್ತ ನಿಧಾನವಾಗಿ ಇಳಿದು ಬಂದ. "ಕರೆಂಟ್ ಬಂದ್ರೂ ಓಡವಲ್ದು. ನಿಮ್ಮ ಹೊಸಾ ಬೋರ್ಡು ಬರೋಬರಿ ಇಲ್ಲ ಬಿಡ್ರಿ ಮೇಡಂ."