ಹಳದಿ ಮೊಟ್ಟೆಗಳು

ಮಹಡಿಯ ಕೋಣೆಯಲ್ಲಿ ಪ್ರಭಂಜನ ಹದಿಮೂರಡಿ ಉದ್ದದ ಎರಡು ವಿದೇಶಿ ಹೆಬ್ಬಾವುಗಳನ್ನು ಸಾಕಿದ್ದ. ಅವು ಮರಿ ಮಾಡುವುದನ್ನೇ ಮೂರು ವರ್ಷದಿಂದ ಕಾಯುತ್ತಿದ್ದ.

ಮದುವೆಯಾಗಿ ಒಂಬತ್ತು ವರ್ಷವಾದರೂ ಮನೆಯಲ್ಲಿ ತೊಟ್ಟಿಲು ಕಟ್ಟಿರಲಿಲ್ಲ. "ನಿನಗೆ ಸರ್ಪದೋಷ ಇದೆ ಕಣೇ" ಎಂದು ಅತ್ತೆ ಹೇಳಿದ ಮೇಲೆ ವಾರಿಜಾ ಪ್ರತಿ ಮಂಗಳವಾರ ಉಪವಾಸವಿದ್ದು, ಅರಳಿಕಟ್ಟೆಯ ನಾಗರಕಲ್ಲಿಗೆ ನೂರೆಂಟು ಸುತ್ತು ಬರುತ್ತಿದ್ದಳು. ಒಂದು ವಾರವೂ ತಪ್ಪಿಸಬೇಡ ಎಂದು ಪ್ರಭಂಜನನೇ ಬೈಕಿನಲ್ಲಿ ಬಿಟ್ಟು ಬರುತ್ತಿದ್ದ.

ಈ ಮಂಗಳವಾರವೂ ಸುತ್ತು ಮುಗಿಸಿ ಬಂದವಳು, ಬರಿಹೊಟ್ಟೆಯಲ್ಲೇ ಗಂಡನಿಗೂ ಅವನ ಗೆಳೆಯನಿಗೂ ಕಾಫಿ ಹಿಡಿದು ಮೆಟ್ಟಿಲೇರಿದಳು. ಅರೆತೆರೆದ ಬಾಗಿಲಿನಿಂದ ಹೆಣ್ಣು ಹಾವು ಕಾಣಿಸಿತು. ಇಪ್ಪತ್ತು ದಿನದಿಂದ ಏನೂ ತಿನ್ನದೆ ಅದು ತನ್ನ ಮೊಟ್ಟೆಗಳನ್ನು ಸುತ್ತಿಕೊಂಡು ಮಲಗಿತ್ತು.

"ಈ ಸಲಾನೂ ಎಲ್ಲಾ ಹಳದಿ ತಿರುಗಿವೆಯಲ್ಲೋ, ಒಂದರಲ್ಲೂ ಜೀವ ಇಲ್ಲ. ಈ ಹೆಣ್ಣನ್ನ ಯಾರಿಗಾದ್ರೂ ಕೊಟ್ಟು ಬೇರೆ ತಗೊಂಬಾ," ಎಂದ ಗೆಳೆಯ.

"ಪಾಪ, ಅದರ ಮೇಲೆ ಯಾಕೋ ಗೂಬೆ ಕೂರಿಸ್ತೀಯ? ಮೊಟ್ಟೆ ಇಡೋದು ಅದರ ಕೆಲಸ, ಇಟ್ಟಿದೆ. ಐಬಿರೋದು ಗಂಡಿನಲ್ಲಿ."

"ಅಷ್ಟು ಗ್ಯಾರಂಟಿಯಾಗಿ ಹೆಂಗೋ ಹೇಳ್ತೀಯ?"

ಪ್ರಭಂಜನ ನಕ್ಕ.

"ನಿನ್ನೆ ಡಾಕ್ಟ್ರು ಗಂಡು ಹಾವನ್ನ ಟೆಸ್ಟ್ ಮಾಡಿದ್ರು ಕಣೋ. ಮದುವೆಗೆ ಮುಂಚೆ ನಾವಿಬ್ಬರೂ ಹೋಗಿ ನನ್ನ ರಿಪೋರ್ಟ್ ತಂದ್ವಲ್ಲ, ಇದಕ್ಕೂ ಅದೇ ಬಂದಿದೆ."