ನಾಳೆಯ ಮನೆಯ ಗೋಡೆ

ಆ ಮನರಂಜನಾ ಪಾರ್ಕಿನ ‘ನಾಳೆಯ ಮನೆ’ ಎಂಬ ಪ್ರದರ್ಶನ ನೋಡಲು ಒಂದು ಕಾಲಕ್ಕೆ ಜನ ಮುಗಿಬೀಳುತ್ತಿದ್ದರು. ಅಂಬುಜಮ್ಮ ಜರಿ ಸೀರೆಯುಟ್ಟು ನಿಂತು, ಅಡುಗೆಮನೆಯ ಗೋಡೆಯನ್ನು ಮೆಲ್ಲಗೆ ತಟ್ಟಿ, ಆಮೇಲೆ ಗುಂಡಿ ಒತ್ತುತ್ತಿದ್ದಳು. ಗೋಡೆಯೊಳಗೆ ಗುಡುಗುಡು ಸದ್ದು. ಸ್ವಲ್ಪ ಹೊತ್ತಿಗೆ ಕೊಳವೆಯಿಂದ ನುಣ್ಣನೆಯ ದೋಸೆಹಿಟ್ಟು ಪಾತ್ರೆಗೆ ಇಳಿಯುತ್ತಿತ್ತು. ಗೋಡೆ ತಟ್ಟುವುದು ಯಂತ್ರಕ್ಕೆ ಮಾಡುವ ನಮಸ್ಕಾರವೆಂದೇ ಎಲ್ಲರೂ ತಿಳಿದಿದ್ದರು. ಕೆಲವು ಹೆಂಗಸರಂತೂ ತಾವೂ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದರು.

ಈಗ ಹೊಸ ಮ್ಯಾನೇಜರ್ ಬಂದಿದ್ದ.

“ಮನೆಮನೇಲೂ ಗ್ರೈಂಡರ್ ಇದೆ ಅಂಬುಜಮ್ಮ, ಇದನ್ನ ಇನ್ಯಾರು ನೋಡ್ತಾರೆ? ಮುಚ್ಚಿಬಿಡ್ತೀವಿ.”

ಅವಳು ಅವನತ್ತ ತಿರುಗಿದಳು. “ನಮ್ಮ ಗತಿ ಏನು ಸಾರ್?”

“ಇಲ್ಲೇ ‘ಅಜ್ಜಿಯ ಮನೆ’ ಮಾಡ್ತೀವಿ. ಈಗಿನ ಜನಕ್ಕೆ ಹಳೇದೇ ಬೇಕು. ಆದ್ರೆ ಅದಕ್ಕೊಂದು ಒರಳುಕಲ್ಲು ಬೇಕು, ಕೂತು ರುಬ್ಬೋಕೆ ಬರೋ ಹೆಂಗಸೂ ಬೇಕು. ಈ ಕಾಲದಲ್ಲಿ ಎಲ್ಲಿ ಹುಡುಕ್ಲಿ?”

ಅಂಬುಜಮ್ಮನಿಗೆ ಹೋದ ಜೀವ ಬಂದಂತಾಯಿತು. ಎಂದಿನಂತೆ ಗೋಡೆಯನ್ನು ಮೆಲ್ಲಗೆ ತಟ್ಟಿದಳು.

“ಹುಡುಕೋದೇನೂ ಬೇಡ ಸಾರ್, ಈ ಗೋಡೆ ಒಡೆಸಿ ಸಾಕು. ಒರಳೂ ಅಲ್ಲೇ ಇದೆ, ನಮ್ಮ ಓರಗಿತ್ತೀನೂ ಅಲ್ಲೇ ಕೂತಿದಾಳೆ.”